ಒಡಂಬಡಿಕೆ ಇರಲಿ, ಮೊದಲು ಒಂದು ಸಮಸ್ಯೆ ಕೊಡಿ

ಎಂಟನೇ ಸೆಮಿಸ್ಟರಿನ ಪ್ರಾಜೆಕ್ಟ್ ವೈವಾ ನಡೆಯುವ ದಿನ ಯಾವುದಾದರೂ ಎಂಜಿನಿಯರಿಂಗ್ ಕಾಲೇಜಿನ ವಿಭಾಗಕ್ಕೆ ಹೋಗಿ ನೋಡಿ. ಮೇಜಿನ ಮೇಲೆ ರಟ್ಟು ಕಟ್ಟಿದ, ಬಂಗಾರದ ಬಣ್ಣದ ಅಕ್ಷರಗಳ ವರದಿಗಳು ಸಾಲಾಗಿ ಇರುತ್ತವೆ. ಮುಖ ನೋಡಿ ಹಾಜರಾತಿ ಹಾಕುವ ವ್ಯವಸ್ಥೆ, ಬಿಸಿಲಿನಲ್ಲಿ ಓಡುವ ಹುಲ್ಲು ಕತ್ತರಿಸುವ ಯಂತ್ರ, ಮೊಬೈಲಿನಿಂದ ಪಂಪ್‌ಸೆಟ್ ಚಾಲೂ ಮಾಡುವ ಸಾಧನ, ಎಲೆಯ ಫೋಟೊ ನೋಡಿ ರೋಗ ಹೇಳುವ ಸಾಫ್ಟ್‌ವೇರ್. ಹಿಂದಿನ ವರ್ಷವೂ ಇವೇ ಇದ್ದವು, ಪಕ್ಕದ ಕಾಲೇಜಿನಲ್ಲೂ ಇವೇ ಇವೆ. ಹೊರಗಿನಿಂದ ಬಂದ ಪರೀಕ್ಷಕರು ಸರ್ಕ್ಯೂಟ್ ಬಗ್ಗೆ ಕೇಳಿದರೆ ಹುಡುಗರು ಉತ್ತರಿಸುತ್ತಾರೆ, ಕೋಡ್ ಬಗ್ಗೆ ಕೇಳಿದರೂ ತಡವರಿಸುತ್ತ ಏನೋ ಹೇಳುತ್ತಾರೆ. ‘ಇದನ್ನು ಯಾರು ಬಳಸುತ್ತಾರೆ? ಅವರಿಗೆ ಒಮ್ಮೆ ತೋರಿಸಿದ್ದೀರಾ?’ ಎಂದರೆ ಮಾತ್ರ ಬಾಯಿ ಕಟ್ಟುತ್ತದೆ.

ಅದು ಅವರ ತಪ್ಪಲ್ಲ. ಪಠ್ಯಪುಸ್ತಕದ ಲೆಕ್ಕಗಳಲ್ಲಿ ಬೇಕಾದ ಸಂಖ್ಯೆಗಳೆಲ್ಲ ಮೊದಲೇ ಕೊಟ್ಟಿರುತ್ತವೆ, ಉತ್ತರ ಕೊನೆಯ ಪುಟದಲ್ಲಿ ಇರುತ್ತದೆ. ಹಾಗೆ ಮೂರು ವರ್ಷ ಕಲಿತವರಿಗೆ ನಾಲ್ಕನೇ ವರ್ಷ ಏಕಾಏಕಿ ‘ಸಮಸ್ಯೆ ನೀವೇ ಹುಡುಕಿಕೊಂಡು ಬನ್ನಿ’ ಎನ್ನುತ್ತೇವೆ. ಕಾರ್ಖಾನೆಯೊಳಗೆ ಕಾಲಿಟ್ಟಿಲ್ಲದ, ಆಸ್ಪತ್ರೆಯ ಯಂತ್ರವನ್ನು ಬಿಚ್ಚಿ ನೋಡಿಲ್ಲದ ಇಪ್ಪತ್ತೊಂದರ ಹುಡುಗಿ ಎಲ್ಲಿಂದ ಹುಡುಕಿ ತರಬೇಕು? ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ‘ಐಇಇಇ ಪ್ರಾಜೆಕ್ಟ್‌ಗಳು ದೊರೆಯುತ್ತವೆ’ ಎಂಬ ಬೋರ್ಡು ತೂಗುತ್ತಿರುವುದು ಈ ಕಾರಣಕ್ಕೆ. ಅಲ್ಲಿ ಹಣ ಕಟ್ಟಿದರೆ ಮಾಡೆಲ್, ಕೋಡ್, ವರದಿ, ವೈವಾದಲ್ಲಿ ಏನು ಹೇಳಬೇಕೆಂಬ ಪಾಠ ಎಲ್ಲವೂ ಒಟ್ಟಿಗೆ ಸಿಗುತ್ತದೆ. ಮಕ್ಕಳ ನಾಲ್ಕು ವರ್ಷದ ಓದಿನ ತುದಿ ಹೀಗೆ ಕೊಂಡು ತಂದ ವಸ್ತುವಾಗುವುದನ್ನು ನೋಡಿದರೆ ಸಂಕಟವಾಗುತ್ತದೆ.

ಕಂಪನಿಗಳು ಕಾಲೇಜುಗಳ ಜತೆ ಕೈಜೋಡಿಸುತ್ತಿಲ್ಲವೇ ಎಂದರೆ, ಜೋಡಿಸುತ್ತಿವೆ. ಪ್ರಾಂಶುಪಾಲರ ಕೊಠಡಿಯ ಗೋಡೆಯಲ್ಲಿ ಸಹಿ ಸಮಾರಂಭದ ಫೋಟೊಗಳು ಇದ್ದೇ ಇರುತ್ತವೆ. ನ್ಯಾಕ್ ಮಾನ್ಯತೆಯ ನಮೂನೆಯಲ್ಲಿ ಒಡಂಬಡಿಕೆಗಳ ಲೆಕ್ಕ ಕೇಳುತ್ತಾರೆ, ಹಾಗಾಗಿ ಲೆಕ್ಕ ಬೆಳೆಯುತ್ತದೆ. ಇವುಗಳಲ್ಲಿ ನಿಜವಾದ ಕೆಲಸ ಮಾಡಿದವೂ ಇವೆ. ಇನ್ಫೊಸಿಸ್ 2004ರಲ್ಲಿ ಆರಂಭಿಸಿದ ‘ಕ್ಯಾಂಪಸ್ ಕನೆಕ್ಟ್’ ಕಂಪನಿಯೊಳಗಿನ ತರಬೇತಿಯ ಪಾಠಗಳನ್ನು ಕಾಲೇಜುಗಳಿಗೆ ತಂದಿತು. 1985ರಲ್ಲೇ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತನ್ನ ಚಿಪ್ಪುಗಳನ್ನೂ ಕಿಟ್‌ಗಳನ್ನೂ ಕಾಲೇಜಿನ ಪ್ರಯೋಗಾಲಯಗಳಿಗೆ ಮುಟ್ಟಿಸಿತು. ಇವುಗಳಿಂದ ಕಲಿತವರು ಬಹಳ. ಆದರೆ ತರಬೇತಿ ಬೇರೆ, ಪ್ರಾಜೆಕ್ಟ್ ಬೇರೆ. ಕಿಟ್ ಕೊಟ್ಟಾಗ ವಿದ್ಯಾರ್ಥಿ ಕಿಟ್ ಬಳಸುವುದನ್ನು ಕಲಿಯುತ್ತಾನೆ. ಯಾವುದಕ್ಕೆ ಬಳಸಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿದಿರುತ್ತದೆ. ಕಂಪನಿಯಲ್ಲಿ ರಾಶಿಯಾಗಿ ಬಿದ್ದಿರುವುದು ಪರಿಹಾರ ಕಾಣದ ಸಮಸ್ಯೆಗಳು. ಕಾಲೇಜಿಗೆ ಅದು ಕೊಡಬಹುದಾದ ದೊಡ್ಡ ಆಸ್ತಿಯೂ ಅದೇ. ಅದನ್ನೇ ಅದು ಕೊಡುವುದಿಲ್ಲ, ಕಾಲೇಜೂ ಕೇಳುವುದಿಲ್ಲ.

ನಮ್ಮ ನೆಲದಲ್ಲಿ ಇದು ಒಮ್ಮೆ ಸರಿಯಾಗಿ ನಡೆದಿತ್ತು. ಮೈಸೂರು ಸಂಸ್ಥಾನದ ಶ್ರೀಗಂಧ ಹರಾಜಾಗಿ ಬಹುಪಾಲು ಜರ್ಮನಿಗೆ ಹೋಗುತ್ತಿತ್ತು, ಎಣ್ಣೆ ತೆಗೆಯುವವರು ಅಲ್ಲಿನವರು. 1914ರಲ್ಲಿ ಮಹಾಯುದ್ಧ ಶುರುವಾದದ್ದೇ ಹಡಗುಗಳು ನಿಂತವು, ಗಂಧದ ಕೊರಡು ಗೋದಾಮಿನಲ್ಲಿ ರಾಶಿ ಬಿತ್ತು. ಆಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯ, ಕೈಗಾರಿಕಾ ನಿರ್ದೇಶಕರಾಗಿದ್ದವರು ಆಲ್ಫ್ರೆಡ್ ಚಾಟರ್ಟನ್. ಅವರು ಬೆಂಗಳೂರಿನ ಹೊರವಲಯದಲ್ಲಿ ಆಗತಾನೇ ಎದ್ದು ನಿಂತಿದ್ದ ಟಾಟಾ ಇನ್‌ಸ್ಟಿಟ್ಯೂಟಿಗೆ, ಎಂದರೆ ಇಂದಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಇಟ್ಟದ್ದು ಒಂದೇ ಪ್ರಶ್ನೆ: ಈ ಮರದಿಂದ ನಾವೇ ಎಣ್ಣೆ ತೆಗೆಯಬಹುದೇ? ರಸಾಯನಶಾಸ್ತ್ರ ವಿಭಾಗದ ಸಡ್‌ಬರೊ ಮತ್ತು ವಾಟ್ಸನ್ ಬಟ್ಟಿ ಇಳಿಸುವ ವಿಧಾನವನ್ನು ಪ್ರಯೋಗಾಲಯದಲ್ಲಿ ಸಾಧಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಬಂತು. ನಾವು ಇಂದಿಗೂ ಕೊಳ್ಳುವ ಮೈಸೂರು ಸ್ಯಾಂಡಲ್ ಸಾಬೂನಿನ ಮೂಲ ಆ ಎಣ್ಣೆ. ಅಲ್ಲಿ ಕೇಳಿದವರಿಗೆ ಉತ್ತರದ ತುರ್ತು ಇತ್ತು, ಸರಕು ಕೊಳೆಯುತ್ತ ಕೂತಿತ್ತು, ಉತ್ತರ ಬಂದ ಕೂಡಲೇ ಕಾರ್ಖಾನೆ ಹಾಕುವ ಧೈರ್ಯವೂ ಇತ್ತು.

ಎರಡನೇ ಮಹಾಯುದ್ಧದ ಹೊತ್ತಿಗೆ ಇಂಥದೇ ಇನ್ನೊಂದು ನಂಟು ಬೆಳೆಯಿತು. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಜತೆ ಸೇರಿ ವಿಮಾನ ಕಾರ್ಖಾನೆ ಕಟ್ಟಿದರು. ಎರಡು ವರ್ಷ ಕಳೆಯುವುದರೊಳಗೆ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ಶುರುವಾಯಿತು. ಆ ವಿಭಾಗವನ್ನು ಕಟ್ಟಿದ ವಿ. ಎಂ. ಘಾಟಗೆಯವರೇ ಮುಂದೆ ಅದೇ ಕಾರ್ಖಾನೆಯಲ್ಲಿ, ಎಂದರೆ ಎಚ್‌ಎಎಲ್‌ನಲ್ಲಿ, ಎಚ್‌ಟಿ-2 ತರಬೇತಿ ವಿಮಾನದ ವಿನ್ಯಾಸ ನಡೆಸಿದರು. 1951ರಲ್ಲಿ ಅದು ಹಾರಿತು.

ಪದವಿ ವಿದ್ಯಾರ್ಥಿಗಳ ಮಟ್ಟದಲ್ಲಿ ಇದನ್ನೊಂದು ಪದ್ಧತಿಯಾಗಿ ಕಟ್ಟಿದವರು ಅಮೆರಿಕದವರು. ಹರ್ಮನ್ ಷ್ನೈಡರ್ ಎಂಬ ಪ್ರಾಧ್ಯಾಪಕ 1906ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ 27 ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಒಂದು ವಾರ ತರಗತಿಗೆ, ಮರುವಾರ ಕಾರ್ಖಾನೆಗೆ ಎಂದು ಸರದಿಯಲ್ಲಿ ಕಳಿಸಿದರು. ಇಂದು ಜಗತ್ತಿನ ಎಲ್ಲೆಡೆ ‘ಕೋ-ಆಪ್’ ಎಂದು ನಡೆಯುವ ಶಿಕ್ಷಣದ ಬೇರು ಅಲ್ಲಿದೆ. ನನಗೆ ಅದಕ್ಕಿಂತ ಹೆಚ್ಚು ಹಿಡಿಸಿದ್ದು ಕ್ಯಾಲಿಫೋರ್ನಿಯಾದ ಕ್ಲೇರ್‌ಮಾಂಟ್ ಎಂಬ ಸಣ್ಣ ಊರಿನ ಹಾರ್ವೆ ಮಡ್ ಕಾಲೇಜಿನ ಕ್ರಮ. ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯವಲ್ಲ ಅದು, ಹೆಚ್ಚಾಗಿ ಪದವಿ ತರಗತಿಗಳನ್ನೇ ನಡೆಸುವ ಪುಟ್ಟ ಕಾಲೇಜು. ಅಲ್ಲಿನ ಜ್ಯಾಕ್ ಆಲ್ಫರ್ಡ್ ಮತ್ತು ಮ್ಯಾಕ್ ಗಿಲ್ಕೆಸನ್ ಎಂಬ ಇಬ್ಬರು ಮೇಷ್ಟ್ರುಗಳು, ವೈದ್ಯ ವಿದ್ಯಾರ್ಥಿ ರೋಗಿಯ ಹಾಸಿಗೆಯ ಪಕ್ಕ ನಿಂತು ಕಲಿಯುವಾಗ ಎಂಜಿನಿಯರ್ ಮಾತ್ರ ಕರಿಹಲಗೆಯ ಮುಂದೆಯೇ ಏಕೆ ಕಲಿಯಬೇಕು ಎಂದು ಯೋಚಿಸಿ 1963ರಲ್ಲಿ ‘ಎಂಜಿನಿಯರಿಂಗ್ ಕ್ಲಿನಿಕ್’ ತೆರೆದರು.

ಅದು ನಡೆಯುವ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಂಪನಿ ತನ್ನದೊಂದು ಸಮಸ್ಯೆಯನ್ನು ತರುತ್ತದೆ, ಅದಕ್ಕೆ ಕಾಲೇಜಿಗೆ ದೊಡ್ಡ ಮೊತ್ತದ ಶುಲ್ಕ ಕಟ್ಟುತ್ತದೆ. ನಾಲ್ಕೈದು ವಿದ್ಯಾರ್ಥಿಗಳ ತಂಡ, ಅವರಲ್ಲೇ ಒಬ್ಬರು ನಾಯಕರು, ಮೇಲೆ ಒಬ್ಬ ಅಧ್ಯಾಪಕ. ಕಂಪನಿಯ ಕಡೆಯಿಂದ ಒಬ್ಬ ಎಂಜಿನಿಯರ್ ಹೆಸರು ಹಿಡಿದು ನೇಮಕವಾಗುತ್ತಾನೆ, ವಿದ್ಯಾರ್ಥಿಗಳ ಜತೆ ತಪ್ಪದೆ ಮಾತಾಡುವುದು ಅವನ ಜವಾಬ್ದಾರಿ. ತಂಡ ಕಂಪನಿಗೆ ಹೋಗಿ ಸಮಸ್ಯೆಯನ್ನು ಕಣ್ಣಾರೆ ನೋಡಿ ಬರುತ್ತದೆ. ಕೆಲಸ ಒಂದು ಪೂರ್ತಿ ಶೈಕ್ಷಣಿಕ ವರ್ಷ ನಡೆಯುತ್ತದೆ, ನಡುವೆ ಮಧ್ಯಂತರ ವರದಿ, ಮೇ ತಿಂಗಳಲ್ಲಿ ಎಲ್ಲರೆದುರು ಮಂಡನೆ. ಇಲ್ಲಿಯವರೆಗೆ ಅಂಥ ಸಾವಿರಕ್ಕೂ ಹೆಚ್ಚು ಪ್ರಾಜೆಕ್ಟುಗಳು ಮುಗಿದಿವೆ.

ಶುಲ್ಕದ ಮಾತು ಕೇಳಿ ನಮ್ಮವರು ಹುಬ್ಬೇರಿಸಬಹುದು. ನನಗೆ ಇಡೀ ವ್ಯವಸ್ಥೆಯ ಜೀವ ಇರುವುದೇ ಅಲ್ಲಿ ಎನಿಸುತ್ತದೆ. ದುಡ್ಡು ಕಟ್ಟಿದ ಕಂಪನಿ ಬೇಡದ ಸಮಸ್ಯೆಯನ್ನು ತಂದು ಸುರಿಯುವುದಿಲ್ಲ. ನಡುವೆ ಫೋನ್ ಎತ್ತದೆ ತಪ್ಪಿಸಿಕೊಳ್ಳುವುದಿಲ್ಲ, ಕೊನೆಯಲ್ಲಿ ಬಂದ ವರದಿಯನ್ನು ಓದದೆ ಬೀರುವಿಗೆ ತಳ್ಳುವುದಿಲ್ಲ. ಮದ್ರಾಸ್ ಐಐಟಿ 2010ರಲ್ಲಿ ತೆರೆದ ರಿಸರ್ಚ್ ಪಾರ್ಕ್ ಇದನ್ನು ಬೇರೆ ದಾರಿಯಲ್ಲಿ ಸಾಧಿಸಿತು. ಅಲ್ಲಿ ಕಚೇರಿ ಮಾಡುವ ಕಂಪನಿ ಬಾಡಿಗೆ ಕೊಟ್ಟರೆ ಸಾಲದು, ಐಐಟಿಯ ಅಧ್ಯಾಪಕರು, ವಿದ್ಯಾರ್ಥಿಗಳ ಜತೆ ಮಾಡಿದ ಕೆಲಸಕ್ಕೆ ‘ಕ್ರೆಡಿಟ್’ ಗಳಿಸಬೇಕು. ಪರೀಕ್ಷೆಗೆ ಕೂರುವ ಭಾರ ವಿದ್ಯಾರ್ಥಿಯ ಜತೆ ಕಂಪನಿಗೂ ಬಂತು.

ನಮ್ಮಲ್ಲಿ ದೊಡ್ಡ ದುಡ್ಡಿಲ್ಲದೆಯೂ ಬಾಳಿದ ಒಂದು ಏರ್ಪಾಟಿದೆ. ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ‘ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮ’ ನಡೆಸುತ್ತ ಬಂದಿದೆ. ಎಪ್ಪತ್ತರ ದಶಕದಲ್ಲಿ ವಿಜ್ಞಾನ ಸಂಸ್ಥೆಯ ಸತೀಶ್ ಧವನ್, ಅಮೂಲ್ಯ ರೆಡ್ಡಿ ಅಂಥವರು ಪ್ರಯೋಗಾಲಯದ ಬಾಗಿಲನ್ನು ಹಳ್ಳಿಯ ಕಡೆಗೆ ತೆರೆಯಬೇಕೆಂದು ಯೋಚಿಸುತ್ತಿದ್ದ ಕಾಲದ ಕೂಸು ಅದು. ಅಂತಿಮ ವರ್ಷದವರು ಪ್ರಸ್ತಾವ ಬರೆದು ಕಳಿಸಬೇಕು, ತಜ್ಞರು ಆರಿಸಿದರೆ ಕೆಲವು ಸಾವಿರ ರೂಪಾಯಿ ನೆರವು, ನಡುವೆ ಪರಿಶೀಲನೆ, ಕೊನೆಗೆ ರಾಜ್ಯ ಮಟ್ಟದ ಪ್ರದರ್ಶನ. ಮೊತ್ತ ಚಿಕ್ಕದು. ಆದರೆ ಹೊರಗಿನವರು ಯಾರೋ ಬಂದು ‘ಎಲ್ಲಿಗೆ ಬಂತು?’ ಎಂದು ಕೇಳುತ್ತಾರೆ ಎಂಬ ಒಂದೇ ಕಾರಣಕ್ಕೆ ಮೈಸೂರಿನಿಂದ ಬೀದರಿನವರೆಗೆ ಎಷ್ಟೋ ಬ್ಯಾಚುಗಳು ಅಂಗಡಿಯ ಪ್ರಾಜೆಕ್ಟನ್ನು ಬಿಟ್ಟು ಸ್ವಂತದ್ದನ್ನು ಹಿಡಿದಿವೆ. ಇದರ ಪಕ್ಕದಲ್ಲಿ ಉದ್ಯಮಗಳು ತಮ್ಮ ಪಾಲು ಸೇರಿಸಿದ್ದರೆ ಇಷ್ಟು ಹೊತ್ತಿಗೆ ಕರ್ನಾಟಕ ಎಲ್ಲಿರುತ್ತಿತ್ತೋ ಎಂದು ಯೋಚಿಸುತ್ತೇನೆ.

ಹೊರಗಿನ ಪಾಲುದಾರ ಗಟ್ಟಿಯಾಗಿದ್ದರೆ ಪದವಿ ವಿದ್ಯಾರ್ಥಿಗಳು ಎಷ್ಟು ಎತ್ತರ ಹೋಗಬಲ್ಲರು ಎಂಬುದಕ್ಕೆ ‘ಸ್ಟಡ್‌ಸ್ಯಾಟ್’ ಸಾಕ್ಷಿ. ಬೆಂಗಳೂರಿನ ನಾಲ್ಕು, ಹೈದರಾಬಾದಿನ ಮೂರು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಸೇರಿ ಮಾಡಿದ, ಒಂದು ಕಿಲೋಗ್ರಾಮಿಗಿಂತ ಕಡಿಮೆ ತೂಕದ ಉಪಗ್ರಹ. 2010ರ ಜುಲೈ 12ರಂದು ಶ್ರೀಹರಿಕೋಟಾದಿಂದ ಇಸ್ರೊದ ಪಿಎಸ್‌ಎಲ್‌ವಿ-ಸಿ15 ಅದನ್ನು ಕಕ್ಷೆಗೆ ಸೇರಿಸಿತು, ಯಲಹಂಕದ ನಿಟ್ಟೆ ಮೀನಾಕ್ಷಿ ಕಾಲೇಜಿನ ಭೂಕೇಂದ್ರಕ್ಕೆ ಅದರ ಸಂಕೇತ ಬಂತು. ಇಸ್ರೊ ಕಂಪನಿಯಲ್ಲ ನಿಜ. ಆದರೆ ಅದು ಆ ಹುಡುಗರನ್ನು ನಡೆಸಿಕೊಂಡ ರೀತಿಯಲ್ಲಿ ಎಲ್ಲ ಕಂಪನಿಗೂ ಪಾಠವಿದೆ. ‘ಕಾಲೇಜು ಮಕ್ಕಳು ತಾನೇ’ ಎಂದು ನಿಯಮ ಸಡಿಲಿಸಲಿಲ್ಲ. ಉಡಾವಣೆಯ ಅದುರುವಿಕೆಯನ್ನು ತಾಳಬೇಕು, ನಿರ್ವಾತದ ಸುಡು ಬಿಸಿಲು ಮತ್ತು ಕೊರೆವ ಚಳಿ ಎರಡನ್ನೂ ತಾಳಬೇಕು, ಜತೆಗೆ ಹೋಗುವ ದೊಡ್ಡ ಉಪಗ್ರಹಕ್ಕೆ ಇದರಿಂದ ಅಪಾಯವಿಲ್ಲ ಎಂದು ಪರೀಕ್ಷೆಯಲ್ಲಿ ತೋರಿಸಬೇಕು. ರಾಕೆಟ್ಟಿನ ದಿನಾಂಕ ಸೆಮಿಸ್ಟರ್ ವೇಳಾಪಟ್ಟಿಯನ್ನು ಕೇಳಿ ಬರುವುದಿಲ್ಲ. ಆರು ವರ್ಷದ ಮೇಲೆ, 2016ರ ಸೆಪ್ಟೆಂಬರ್ 26ರಂದು, ಬೆಂಗಳೂರಿನ ಪಿಇಎಸ್ ವಿಶ್ವವಿದ್ಯಾಲಯದ ‘ಪೈಸ್ಯಾಟ್’ ಮತ್ತು ಮುಂಬಯಿ ಐಐಟಿಯ ‘ಪ್ರಥಮ್’ ಒಂದೇ ರಾಕೆಟ್ಟಿನಲ್ಲಿ ಹೋದವು.

ಉಪಗ್ರಹ ಎಂದರೆ ಎಲ್ಲರ ಕಣ್ಣು ಅರಳುತ್ತದೆ. ನನ್ನ ಆಸೆ ಇನ್ನೂ ಹತ್ತಿರದ ಜಾಗದಲ್ಲಿದೆ. ಬೆಳಗಾವಿಯ ಉದ್ಯಮಬಾಗಿನಲ್ಲಿ ಫೌಂಡ್ರಿಗಳೂ ಎಂಜಿನಿಯರಿಂಗ್ ಕಾಲೇಜೂ ನೆರೆಹೊರೆಯಲ್ಲಿವೆ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಇರುವುದೂ ಅದೇ ಊರಿನಲ್ಲಿ. ಅಲ್ಲಿನ ಯಾವ ಎರಕದವರನ್ನು ಕೇಳಿದರೂ ರಿಜೆಕ್ಷನ್ನಿನ, ಎಂದರೆ ಕೆಟ್ಟು ತಿರಸ್ಕೃತವಾದ ಎರಕಗಳ, ಕಥೆ ಹೇಳುತ್ತಾರೆ. ಎರಕದ ಅಚ್ಚಿಗೆ ಬಳಸುವ ಹಸಿಮರಳು ಎಂದರೆ ಸಿಲಿಕಾ ಮರಳು, ಬೆಂಟೊನೈಟ್ ಜೇಡಿ, ಕಲ್ಲಿದ್ದಲ ಪುಡಿ ಮತ್ತು ನೀರಿನ ಮಿಶ್ರಣ. ನೀರು ಸಾಮಾನ್ಯವಾಗಿ ಶೇ 3ರಿಂದ 4ರ ಆಸುಪಾಸಿನಲ್ಲಿ ಇರಬೇಕು. ಹೆಚ್ಚಾದರೆ ಕಾದ ಕಬ್ಬಿಣ ಸುರಿದಾಗ ಆವಿ ಹೊರಹೋಗಲಾರದೆ ಲೋಹದೊಳಗೆ ಸಿಕ್ಕಿ ಬ್ಲೋಹೋಲ್ ಆಗುತ್ತದೆ. ಕಡಿಮೆಯಾದರೆ ಅಚ್ಚಿನ ಅಂಚು ಉದುರಿ ಎರಕದೊಳಗೆ ಮರಳು ಸೇರುತ್ತದೆ. ಮರಳನ್ನು ಮತ್ತೆ ಮತ್ತೆ ಬಳಸುವುದರಿಂದ ಹಿಂದಿನ ಎರಕದ ಬಿಸಿ ಅದರಲ್ಲಿ ಇರುತ್ತದೆ, ಬೇಗ ಒಣಗುತ್ತದೆ, ಮಧ್ಯಾಹ್ನದ ಹದ ಬೆಳಗಿನ ಹದವಾಗಿರುವುದಿಲ್ಲ. ನುರಿತ ಕೆಲಸಗಾರ ಒಂದು ಹಿಡಿ ಮರಳನ್ನು ಮುಷ್ಟಿಯಲ್ಲಿ ಒತ್ತಿ, ಮುರಿದು ನೋಡಿ ‘ಇನ್ನಷ್ಟು ನೀರು’ ಎನ್ನುತ್ತಾನೆ. ಅವನು ರಜೆ ಹಾಕಿದ ದಿನ ರಿಜೆಕ್ಷನ್ ಏರುತ್ತದೆ.

ಇದನ್ನು ಅಂತಿಮ ವರ್ಷದ ನಾಲ್ವರಿಗೆ ಕೊಟ್ಟು ನೋಡಿ. ಮೊದಲ ವಾರ ಅವರು ಅಂತರ್ಜಾಲದಲ್ಲಿ ಸಿಗುವ ತೋಟದ ತೇವಾಂಶದ ಸೆನ್ಸರ್ ತಂದು ಚುಚ್ಚುತ್ತಾರೆ, ಅದು ಏನೇನೋ ತೋರಿಸುತ್ತದೆ. ಮರಳಿನ ಬಿಸಿ ಬದಲಾದರೆ ಅಳತೆ ಬದಲಾಗುತ್ತದೆ, ಜೇಡಿಯ ಪ್ರಮಾಣ ಬದಲಾದರೂ ಬದಲಾಗುತ್ತದೆ ಎಂಬುದು ಆಗ ಗೊತ್ತಾಗುತ್ತದೆ. ಸರಿಯಾದ ಅಳತೆಗಾಗಿ ಮಾದರಿಯನ್ನು ಒಲೆಯಲ್ಲಿ ಒಣಗಿಸಿ ತೂಕ ಮಾಡಬೇಕು, ಆದರೆ ಅಷ್ಟರಲ್ಲಿ ಆ ಮರಳಿನ ಅಚ್ಚುಗಳಿಗೆ ಲೋಹ ಸುರಿದಾಗಿರುತ್ತದೆ. ಹಾಗಾದರೆ ಒಣಗಿಸಿದ ಅಳತೆಯನ್ನೂ ಸೆನ್ಸರಿನ ಅಳತೆಯನ್ನೂ ವಾರಗಟ್ಟಲೆ ಪಕ್ಕಪಕ್ಕದಲ್ಲಿ ಬರೆದಿಟ್ಟುಕೊಂಡು ತಾಳೆ ಹಾಕಬೇಕು. ರಿಜೆಕ್ಷನ್ನಿನ ಲೆಕ್ಕ ಯಾವ ಅಚ್ಚಿನದು ಎಂದು ಕಾರ್ಖಾನೆಯವರು ಬರೆದಿಟ್ಟಿರುವುದಿಲ್ಲ, ಅದನ್ನು ಬರೆಯುವ ಪದ್ಧತಿಯನ್ನೂ ತಂಡವೇ ಹಾಕಿಕೊಡಬೇಕು. ಮುಷ್ಟಿಯಲ್ಲಿ ಹದ ಹೇಳುವ ಆ ಹಿರಿಯರ ಪಕ್ಕ ನಿಂತು, ‘ಅಣ್ಣ, ಈಗ ಹೇಗಿದೆ?’ ಎಂದು ಕೇಳಿ ಕೇಳಿ ಅವರ ತೀರ್ಪನ್ನೂ ಪಟ್ಟಿಗೆ ಸೇರಿಸಬೇಕು. ಮೆಕ್ಯಾನಿಕಲ್ ಹುಡುಗನಿಗೆ ಎಲೆಕ್ಟ್ರಾನಿಕ್ಸ್ ಹುಡುಗಿ ಬೇಕಾಗುತ್ತಾಳೆ, ಇಬ್ಬರಿಗೂ ಅಂಕಿಸಂಖ್ಯೆ ಗೊತ್ತಿದ್ದವರು ಬೇಕಾಗುತ್ತಾರೆ. ವರ್ಷದ ಕೊನೆಗೆ ಯಂತ್ರ ಪೂರ್ತಿ ಕೈಗೂಡದೇ ಇರಬಹುದು. ಆದರೂ ಈ ನಾಲ್ವರು ಎಂಜಿನಿಯರಿಂಗ್ ಮಾಡಿರುತ್ತಾರೆ.

ಇಂಥ ಪ್ರಶ್ನೆಗಳು ಪೀಣ್ಯದ ಲೇತುಗಳ ಪಕ್ಕದಲ್ಲಿವೆ, ಹುಬ್ಬಳ್ಳಿಯ ವಾಲ್ವ್ ತಯಾರಕರಲ್ಲಿವೆ, ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿವೆ, ತೀರ್ಥಹಳ್ಳಿಯ ಅಡಿಕೆ ಬೇಯಿಸುವ ಒಲೆಗಳಲ್ಲಿವೆ. ಸಂಶೋಧನಾ ವಿಭಾಗ ಇಟ್ಟುಕೊಳ್ಳಲಾಗದ ಸಣ್ಣ ಉದ್ದಿಮೆಗೆ ಕಾಲೇಜಿನ ಪ್ರಯೋಗಾಲಯ ದೊಡ್ಡ ಆಸರೆ. ಕಾಲೇಜುಗಳು ಮಾತ್ರ ಪ್ಲೇಸ್‌ಮೆಂಟಿನ ಆಸೆಗೆ ದೊಡ್ಡ ಹೆಸರುಗಳ ಹಿಂದೆಯೇ ಓಡುತ್ತವೆ. ಎದುರು ರಸ್ತೆಯ ಶೆಡ್ಡಿಗೆ ಹೋಗಿ ಕೇಳಿದವರು ಕಡಿಮೆ.

ಈ ನಂಟಿನಲ್ಲಿ ಕೆಡುಕೂ ಇದೆ, ಅದನ್ನು ಮುಚ್ಚಿಡಬಾರದು. ಆರು ತಿಂಗಳು ಸಂಬಳವಿಲ್ಲದೆ ಕಂಪನಿಯ ದಿನನಿತ್ಯದ ಕೋಡ್ ಬರೆಸಿಕೊಂಡು ಅದನ್ನು ಪ್ರಾಜೆಕ್ಟ್ ಎಂದು ಕರೆಯುವುದು ದುಡಿಮೆಯ ಕಳವು. ಇಂಟರ್ನ್‌ಶಿಪ್ ಕಡ್ಡಾಯವಾದ ಮೇಲೆ ವಿದ್ಯಾರ್ಥಿಯಿಂದಲೇ ದುಡ್ಡು ತೆಗೆದುಕೊಂಡು ಪ್ರಮಾಣಪತ್ರ ಕೊಡುವ ಕಂಪನಿಗಳೂ ಹುಟ್ಟಿವೆ. ಕಾಲೇಜುಗಳು ಇದನ್ನು ಕಂಡೂ ಸುಮ್ಮನಿರುವುದು ತಪ್ಪು.

ಹಕ್ಕಿನ ಪ್ರಶ್ನೆ ಇನ್ನೂ ಜಟಿಲ. ವಿದ್ಯಾರ್ಥಿಗಳ ತಲೆಯಿಂದ ಹೊಸದೊಂದು ಹೊಳೆದರೆ ಅದು ಯಾರದು? ಹಾರ್ವೆ ಮಡ್‌ನಲ್ಲಿ ಅದು ಹಣ ಹೂಡಿದ ಕಂಪನಿಯದು, ಪೇಟೆಂಟಿನಲ್ಲಿ ವಿದ್ಯಾರ್ಥಿಗಳ ಹೆಸರು ಸಂಶೋಧಕರೆಂದು ಬರುತ್ತದೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ನೀತಿ ಇದಕ್ಕೆ ತಿರುಗುಮುರುಗು, ಸೃಷ್ಟಿಸಿದವರೇ ಒಡೆಯರು. ಎರಡರಲ್ಲಿ ಯಾವುದನ್ನಾದರೂ ಒಪ್ಪಬಹುದು, ಆದರೆ ಕೆಲಸ ಶುರುವಾಗುವ ಮೊದಲೇ ಬರೆದಿಟ್ಟಿರಬೇಕು. ನಮ್ಮ ಒಡಂಬಡಿಕೆಗಳಲ್ಲಿ ಈ ಮಾತು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿದಿರುತ್ತದೆ, ವಿದ್ಯಾರ್ಥಿಗೆ ಆ ಹಾಳೆಯನ್ನು ಯಾರೂ ತೋರಿಸಿರುವುದಿಲ್ಲ. ಇನ್ನೊಂದು ಎಚ್ಚರ: 1970ರ ಪೇಟೆಂಟ್ ಕಾಯ್ದೆಯ ಪ್ರಕಾರ ಅರ್ಜಿ ಹಾಕುವ ದಿನಕ್ಕೆ ಆವಿಷ್ಕಾರ ಹೊಸದಾಗಿರಬೇಕು. ಕಾಲೇಜಿನ ಮೇಳದಲ್ಲಿ ಎಲ್ಲವನ್ನೂ ವಿವರಿಸಿ, ವರದಿಯನ್ನು ಗ್ರಂಥಾಲಯದಲ್ಲಿಟ್ಟು, ಆಮೇಲೆ ಅರ್ಜಿ ಹಾಕಲು ಹೋದರೆ ಹೊಸತನವೇ ಪ್ರಶ್ನೆಗೆ ಗುರಿಯಾಗುತ್ತದೆ. ಮೊದಲು ತಾತ್ಕಾಲಿಕ ಅರ್ಜಿ ಹಾಕಿದರೆ ಪೂರ್ಣ ವಿವರ ಕೊಡಲು 12 ತಿಂಗಳ ಕಾಲಾವಕಾಶವಿದೆ. 2021ರ ತಿದ್ದುಪಡಿಯ ನಂತರ ಶಿಕ್ಷಣ ಸಂಸ್ಥೆಗಳಿಗೆ ಪೇಟೆಂಟ್ ಶುಲ್ಕದಲ್ಲಿ ಶೇ 80ರಷ್ಟು ರಿಯಾಯಿತಿಯೂ ಇದೆ. ಪ್ರಾಜೆಕ್ಟ್ ಗೈಡ್ ಮಾಡುವ ಪ್ರತಿಯೊಬ್ಬ ಅಧ್ಯಾಪಕರಿಗೂ ಇಷ್ಟು ಗೊತ್ತಿರಬೇಕು.

ಅಧ್ಯಾಪಕರ ಬಗ್ಗೆಯೂ ನ್ಯಾಯವಾಗಿ ಮಾತಾಡಬೇಕು. ಒಬ್ಬೊಬ್ಬ ಗೈಡಿನ ಕೈಯಲ್ಲಿ ಹಲವು ಬ್ಯಾಚುಗಳು, ಮೇಲೆ ಪಾಠ, ಮೌಲ್ಯಮಾಪನ, ಮಾನ್ಯತೆಯ ಕಡತಗಳು, ಅಡ್ಮಿಷನ್ ಸಮಯದಲ್ಲಿ ಪ್ರಚಾರದ ಕೆಲಸ. ಕಾರ್ಖಾನೆಗೆ ಹೋಗಿ ಬಂದ ಮಧ್ಯಾಹ್ನವನ್ನು ಅವರ ಕೆಲಸದ ಗಂಟೆಯಲ್ಲಿ ಲೆಕ್ಕ ಹಿಡಿಯುವುದಿಲ್ಲ. ಆಡಳಿತ ಮಂಡಳಿಗಳು ಮೊದಲು ಬದಲಿಸಬೇಕಾದದ್ದು ಇದನ್ನು. ಒಡಂಬಡಿಕೆಗಳ ಸಂಖ್ಯೆ ಕೇಳುವ ಮಾನ್ಯತಾ ಸಂಸ್ಥೆಗಳು ಅವುಗಳಿಂದ ಬಂದ ಪ್ರಾಜೆಕ್ಟುಗಳಲ್ಲಿ ಎಷ್ಟನ್ನು ಕಂಪನಿ ನಿಜಕ್ಕೂ ಬಳಕೆಗೆ ತಂದಿತು ಎಂದು ಕೇಳಲಿ. ಆ ಒಂದು ಕಾಲಂ ಸೇರಿಸಿದರೆ ಫೋಟೊಗಳು ಕಡಿಮೆಯಾಗಿ ಕೆಲಸ ಹೆಚ್ಚುತ್ತದೆ.

ಇದನ್ನು ಓದುತ್ತಿರುವ ಸಣ್ಣ ಕಾರ್ಖಾನೆಯ ಮಾಲೀಕರಿಗೆ, ಶಾಪ್‌ಫ್ಲೋರಿನ ಸೂಪರ್‌ವೈಸರುಗಳಿಗೆ ನನ್ನ ಕೋರಿಕೆ ಇಷ್ಟೇ. ಏಳನೇ ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ನಿಮ್ಮ ಊರಿನ ಕಾಲೇಜಿನ ಬ್ಯಾಚುಗಳು ವಿಷಯಕ್ಕಾಗಿ ಅಲೆಯುತ್ತಿರುತ್ತವೆ. ನಿಮ್ಮನ್ನು ವರ್ಷಗಳಿಂದ ಕಾಡುತ್ತಿರುವ ಒಂದು ತೊಂದರೆಯನ್ನು ಕನ್ನಡದಲ್ಲೇ ಒಂದು ಹಾಳೆಯಲ್ಲಿ ಬರೆಯಿರಿ: ಎಲ್ಲಿ ಕೆಡುತ್ತದೆ, ಎಷ್ಟು ನಷ್ಟವಾಗುತ್ತದೆ, ಈವರೆಗೆ ಏನೇನು ಮಾಡಿ ನೋಡಿದ್ದೀರಿ. ಕೆಳಗೆ ನಿಮ್ಮ ಫೋನ್ ನಂಬರ್ ಹಾಕಿ ವಿಭಾಗದ ಮುಖ್ಯಸ್ಥರ ಕೈಗೆ ಕೊಡಿ. ಹುಡುಗರು ಬಂದರೆ ವಾರಕ್ಕೆ ಒಂದು ಗಂಟೆ ಅವರಿಗಾಗಿ ಎತ್ತಿಡಿ, ಬಸ್ಸಿನ ಖರ್ಚನ್ನೂ ಊಟವನ್ನೂ ನೀವು ನೋಡಿಕೊಳ್ಳಿ, ಅವರು ಮಾಡಿದ್ದು ಸರಿಯಿಲ್ಲದಿದ್ದರೆ ಸರಿಯಿಲ್ಲ ಎಂದು ಮುಖಕ್ಕೆ ಹೇಳಿ.